ಅತಿಥಿಯ ಹಕ್ಕು, ನೆರೆಯವರ ನೀರು

ವಸಂತವೆಂದರೆ ಕೋಗಿಲೆಯ ಕೂಗು, ಮಾವಿನ ಚಿಗುರು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಕರಾವಳಿಯ ಹೆಂಗಸರನ್ನು ಕೇಳಿ ನೋಡಿ, ಅವರು ಬೇರೆಯೇ ಗುರುತು ಹೇಳುತ್ತಾರೆ. ಗೇರುಹಣ್ಣಿನ ವಾಸನೆ ಹಿತ್ತಲು ತುಂಬಿದರೆ, ಕುಮಟಾದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಜಡೆಗಳು ತೂಗಾಡತೊಡಗಿದರೆ, ಬಾವಿಯ ಹಗ್ಗಕ್ಕೆ ಇನ್ನೆರಡು ಮೊಳ ಸೇರಿಸಬೇಕಾಗಿ ಬಂದರೆ ವಸಂತ ಬಂತೆಂದೇ ಲೆಕ್ಕ. ಶಾಲೆಗಳಿಗೆ ರಜೆ ಸಿಕ್ಕಿ ಊರಿಗೆ ಅತಿಥಿಗಳು ಬರತೊಡಗುವುದೂ ಅದೇ ಹೊತ್ತಿಗೆ. ನೀರು ಇಳಿಯುವ ಕಾಲದಲ್ಲೇ ನೀರು ಬೇಕೆನ್ನುವವರು ಹೆಚ್ಚುತ್ತಾರೆ.

ನನ್ನ ಚಿಕ್ಕಮ್ಮನ ಮನೆ ಇರುವುದು ಹೊನ್ನಾವರದ ಹತ್ತಿರ, ಶರಾವತಿ ಸಮುದ್ರ ಸೇರುವ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಚಿಕ್ಕಪ್ಪ ಗಲ್ಫ್‌ನಲ್ಲಿ ದುಡಿದು ಕಟ್ಟಿಸಿದ ಮನೆ ಅದು. ಅವರು ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ಚಿಕ್ಕಮ್ಮನ ಪಾಲಿಗೆ ಉಳಿದದ್ದು ದೊಡ್ಡ ಮನೆ ಮತ್ತು ಬರಿಗೈ. 2020ರ ಅಕ್ಟೋಬರ್‌ನಲ್ಲಿ ಕಾಸರಕೋಡು ಕಡಲತೀರಕ್ಕೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ದೇಶದಲ್ಲಿ ಮೊದಲ ಸಲ ಈ ಮಾನ್ಯತೆ ಪಡೆದ ಎಂಟು ತೀರಗಳಲ್ಲಿ ನಮ್ಮ ರಾಜ್ಯದ್ದು ಎರಡು, ಇನ್ನೊಂದು ಪಡುಬಿದ್ರೆಯದು. ಕೊರೋನ ಕಳೆದ ಮೇಲೆ ಪ್ರವಾಸಿಗರು ಹೆಚ್ಚಾದರು. ಆಗ ಚಿಕ್ಕಮ್ಮ ರಸ್ತೆ ಕಡೆಯ ನಾಲ್ಕು ಕೋಣೆಗಳಿಗೆ ಪ್ರತ್ಯೇಕ ಬಾಗಿಲು ಇಡಿಸಿ, ಸಣ್ಣ ವಸತಿಗೃಹ ಆರಂಭಿಸಿದರು.

ಸಂಬಂಧಿಕರಲ್ಲಿ ಗುಸುಗುಸು ಎದ್ದಿತು. “ಗಂಡಸಿಲ್ಲದ ಮನೆ, ಕಂಡಕಂಡವರು ಬಂದುಹೋಗುವುದೇ?” ಎಂದವರುಂಟು. ಚಿಕ್ಕಮ್ಮ ಯಾರೊಂದಿಗೂ ವಾದಕ್ಕೆ ಇಳಿಯಲಿಲ್ಲ. ಕುಟುಂಬ ಸಮೇತ ಬಂದವರಿಗೆ ಮಾತ್ರ ಕೋಣೆ, ಮದ್ಯಕ್ಕೆ ಅವಕಾಶವಿಲ್ಲ, ರಾತ್ರಿ ಹತ್ತರ ನಂತರ ಗದ್ದಲವಿಲ್ಲ ಎಂದು ಬರೆದು ಬಾಗಿಲಲ್ಲಿ ತೂಗುಹಾಕಿದರು. “ಖದೀಜಾ(ರ) ವ್ಯಾಪಾರ ಮಾಡಿದವರಲ್ಲವೇ? ಹಲಾಲ್ ದುಡಿಮೆಗೆ ನಾಚಿಕೆ ಏಕೆ?” ಎಂದಷ್ಟೇ ಅವರ ಉತ್ತರ.

ರಜೆಯಲ್ಲಿ ಕೆಲವು ವಾರ ಅಲ್ಲಿಗೆ ಹೋಗಿ ಕೈಜೋಡಿಸುವುದು ನನ್ನ ರೂಢಿ. ಫಜ್ರ್ ನಮಾಝ್ ಮುಗಿಯುತ್ತಲೇ ಅಕ್ಕಿರೊಟ್ಟಿಯ ಹಿಟ್ಟು ಬೇಯಿಸುವ ಕೆಲಸ. ಅಂಗಳದಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಗುತ್ತಿರುತ್ತದೆ. ಬಿಸಿಲಿಗೆ ಬಸವಳಿದು ಬಂದವರಿಗೆ ಮೊದಲು ಕೊಡುವುದು ಅದರದೇ ಪಾನಕ. ಅದೃಷ್ಟವಿದ್ದರೆ ಮಾರ್ಚ್ ತಿಂಗಳಲ್ಲಿ ಕಡಲಾಮೆಯ ಮರಿಗಳು ಮರಳಿನಿಂದೆದ್ದು ನೀರಿಗೆ ಓಡುವುದನ್ನೂ ಪೇಟೆಯ ಮಕ್ಕಳು ಕಾಣುತ್ತಾರೆ. 2023ರಿಂದ 2025ರವರೆಗೆ ರಮಝಾನ್ ಬಂದದ್ದೂ ಇದೇ ಮಾರ್ಚ್-ಏಪ್ರಿಲ್‌ನಲ್ಲಿ. ನಾವು ಉಪವಾಸವಿದ್ದು ಅತಿಥಿಗಳಿಗೆ ಮಧ್ಯಾಹ್ನದ ಊಟ ಬಡಿಸಿದರೆ, ಕೆಲವರು ಸಂಕೋಚದಿಂದ, “ನಾವು ಹೊರಗೆ ಉಣ್ಣುತ್ತೇವೆ” ಎನ್ನುತ್ತಿದ್ದರು. “ಉಪವಾಸ ನಮ್ಮದು, ಹಸಿವು ನಿಮ್ಮದು. ಕುಳಿತುಕೊಳ್ಳಿ” ಎಂದು ಚಿಕ್ಕಮ್ಮ ನಗುತ್ತಿದ್ದರು. ಸಂಜೆ ಬಾಂಗ್ ಕೇಳಿದಾಗ ಅದೇ ಅತಿಥಿಗಳು ನಮ್ಮೊಂದಿಗೆ ಖರ್ಜೂರ ಹಂಚಿಕೊಂಡದ್ದೂ ಇದೆ.

ದಾರಿಹೋಕರನ್ನು ಸತ್ಕರಿಸುವುದು ಈ ಕಡಲತೀರಕ್ಕೆ ಹೊಸದಲ್ಲ. 1340ರ ದಶಕದಲ್ಲಿ ಇಲ್ಲಿ ಸಂಚರಿಸಿದ ಇಬ್ನ್ ಬತೂತ, ಮಲಬಾರ್ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದರಂತೆ ಮರದ ತಂಗುಮನೆಗಳಿದ್ದವೆಂದೂ, ಯಾವ ಧರ್ಮದವರಾದರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತೆಂದೂ, ಪ್ರತಿಯೊಂದರ ಬಳಿ ಬಾವಿಯೂ ನೀರು ಕೊಡಲು ಒಬ್ಬ ಮನುಷ್ಯನೂ ಇರುತ್ತಿದ್ದನೆಂದೂ ದಾಖಲಿಸಿದ್ದಾರೆ. ಹೊನ್ನಾವರವನ್ನು ಅವರು ‘ಹಿನೌರ್’ ಎಂದು ಕರೆದಿದ್ದಾರೆ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವು, ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತು ಎಂದೂ ಬರೆದಿದ್ದಾರೆ. ಏಳು ಶತಮಾನಗಳ ಹಿಂದಿನ ಮಾತಿದು! ತಂಗುಮನೆ ಎಂದರೆ ಮೊದಲು ಬಾವಿ, ಆಮೇಲೆ ಜಗಲಿ ಎಂಬುದು ಆ ಕಾಲದವರಿಗೆ ತಿಳಿದಿತ್ತು.

ಈ ಮಾತಿನ ಅರ್ಥ ನಮ್ಮ ಮನೆಯಲ್ಲಿ ಸ್ಪಷ್ಟವಾದದ್ದು 2024ರ ಏಪ್ರಿಲ್‌ನಲ್ಲಿ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು. ಬೆಂಗಳೂರಿನಲ್ಲಿ ಟ್ಯಾಂಕರ್ ನೀರಿಗಾಗಿ ಪರದಾಟ ನಡೆದಿತ್ತು. ಈದುಲ್ ಫಿತ್ರ್ ಕಳೆದ ವಾರಕ್ಕೆ ಚಿಕ್ಕಮ್ಮನ ನಾಲ್ಕೂ ಕೋಣೆಗಳು ಮುಂಗಡ ಕೊಟ್ಟವರಿಂದ ತುಂಬಿದ್ದವು. ಆ ಹಣ ಹಿರಿಯ ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟಿದ್ದು. ಆದರೆ ಬಾವಿಯಲ್ಲಿ ಉಳಿದಿದ್ದದ್ದು ಮೊಣಕಾಲುದ್ದದ ನೀರು. ಪಕ್ಕದ ಎರಡು ಮನೆಗಳ ಬಾವಿಗಳಲ್ಲಿ ಆಗಲೇ ಉಪ್ಪಿನ ರುಚಿ ಇಣುಕಿತ್ತು. ಅವರು ಕುಡಿಯುವ ನೀರನ್ನು ನಮ್ಮ ಬಾವಿಯಿಂದ ಒಯ್ಯುತ್ತಿದ್ದರು.

“ಕೊಳವೆಬಾವಿ ತೋಡಿಸಿ ಪಂಪ್ ಇಟ್ಟುಬಿಡಿ, ಚಿಂತೆಯೇ ಇಲ್ಲ” ಎಂದರು ಕೆಲವರು. ಚಿಕ್ಕಮ್ಮ ಮೊದಲು ಕೇಳಿದ್ದು ನಮ್ಮ ಬಾವಿ ತೋಡಿದ ಮುದುಕನನ್ನು. ಅವನು ವಿವರಿಸಿದ ಸಂಗತಿ ಪುಸ್ತಕದಲ್ಲಿಯೂ ಇರುವಂಥದ್ದೇ. ಕಡಲಂಚಿನ ಮರಳಿನಡಿಯಲ್ಲಿ ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಲಿನ ಮೇಲೆ ಕೆನೆ ನಿಂತಂತೆ, ಮಳೆಯಿಂದ ಇಂಗಿದ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿಯವರೆಗೂ ಸಿಹಿನೀರಿರುತ್ತದೆ. ಪಂಪ್ ಹಾಕಿ ರಭಸದಿಂದ ಎಳೆದು ಮೇಲಿನ ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪು ಅಷ್ಟೂ ಎತ್ತರಕ್ಕೆ ಏರಬಹುದು. ಒಮ್ಮೆ ಏರಿದ ಉಪ್ಪು ಬೇಗ ಇಳಿಯುವುದಿಲ್ಲ. ಕೆಡುವುದು ಎಳೆದವರ ಬಾವಿ ಮಾತ್ರವಲ್ಲ, ಕೇರಿಯ ಬಾವಿಗಳೆಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅಂತರ್ಜಲ ಎತ್ತುವುದಕ್ಕೆ ಮಿತಿ ಹಾಕಿರುವುದೂ ಸುಮ್ಮನಲ್ಲ.

ಅಂದು ರಾತ್ರಿ ಚಿಕ್ಕಮ್ಮ ಎರಡು ಕುಟುಂಬಗಳಿಗೆ ಫೋನ್ ಮಾಡಿ, ವಿಷಯವನ್ನು ಇದ್ದಂತೆಯೇ ತಿಳಿಸಿ, ಮುಂಗಡ ಹಣ ಹಿಂದಿರುಗಿಸಿದರು. ಒಬ್ಬರು ಸಿಟ್ಟಾದರು, ಇನ್ನೊಬ್ಬರು ಅರ್ಥಮಾಡಿಕೊಂಡರು. ಹಿರಿಯ ಮಗಳಿಗೆ ಮಾತ್ರ ತಡೆಯಲಾಗಲಿಲ್ಲ. “ಅತಿಥಿಯನ್ನು ಬೇಡವೆನ್ನುವುದು ಯಾವ ಧರ್ಮ? ಇಬ್ರಾಹೀಮ್ ನಬಿ(ಅ) ಪರಿಚಯವಿಲ್ಲದವರಿಗೂ ಕರುವಿನ ಮಾಂಸ ಬೇಯಿಸಿ ಬಡಿಸಲಿಲ್ಲವೇ? ನನ್ನ ಫೀಸಿಗೆ ಏನು ಮಾಡುತ್ತೀರಿ?” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅವಳ ಮಾತಿನಲ್ಲಿ ತಪ್ಪೂ ಇರಲಿಲ್ಲ.

ಚಿಕ್ಕಮ್ಮ ನಿಧಾನವಾಗಿ ಹೇಳಿದರು, “ಅತಿಥಿಯನ್ನು ಗೌರವಿಸಬೇಕೆಂದು ಪ್ರವಾದಿ(ಸ) ಹೇಳಿದ ಹದೀಸ್‌ನಲ್ಲೇ ನೆರೆಯವರಿಗೆ ತೊಂದರೆ ಕೊಡಬಾರದೆಂದೂ ಇದೆ ಮಗಳೇ. ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಾವು ಎರಡಾಗಿ ಒಡೆಯಬಾರದು. ಅತಿಥಿಗೆ ಇನ್ನೊಂದು ಊರಿದೆ, ಇನ್ನೊಂದು ಕೋಣೆಯಿದೆ. ನೆರೆಯವಳು ತನ್ನ ಬಾವಿಯನ್ನು ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾಳೆ? ಇಬ್ರಾಹೀಮ್ ನಬಿ(ಅ) ಬಡಿಸಿದ್ದು ತಮ್ಮ ಕರುವನ್ನು, ಪಕ್ಕದ ಮನೆಯ ಕರುವನ್ನಲ್ಲ.”

ಮಗಳು ಉತ್ತರ ಕೊಡಲಿಲ್ಲ. ಮರುವಾರ ಚಿಕ್ಕಮ್ಮ ತಮ್ಮ ಒಂದು ಬಳೆ ಮಾರಿ ಶುಲ್ಕ ಕಟ್ಟಿದರು. ಅಡವಿಟ್ಟರೆ ಬಡ್ಡಿ ಕೊಡಬೇಕಾಗುತ್ತದೆ ಎಂದು ಮಾರಿಯೇಬಿಟ್ಟರು. ಆ ಬಳೆ ಮದುವೆಗೆ ಚಿಕ್ಕಪ್ಪ ಕೊಟ್ಟ ಮಹ್ರ್‌ನದಾಗಿತ್ತು. ಈ ಸಂಗತಿ ನೆರೆಯವರಿಗೆ ತಿಳಿದಿಲ್ಲ, ಯಾರೂ ಬಂದು ಉಪಕಾರ ಸ್ಮರಿಸಿದ್ದೂ ಇಲ್ಲ. ಮುಂಗಾರು ಬರುವವರೆಗೆ ಬಾವಿಯ ತಳದಲ್ಲಿ ನೀರು ಉಳಿಯಿತು, ಸಿಹಿಯಾಗಿಯೇ ಉಳಿಯಿತು. ಅಲ್‌ಹಮ್ದುಲಿಲ್ಲಾಹ್.

ಆ ಮಳೆಗಾಲದಲ್ಲೇ ಛಾವಣಿಯ ನೀರನ್ನು ಶೋಧಿಸಿ ಬಾವಿಯ ಪಕ್ಕದ ಇಂಗುಗುಂಡಿಗೆ ಬಿಡುವ ವ್ಯವಸ್ಥೆಯಾಯಿತು. ನೂರು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ನೂರು ಲೀಟರ್ ನೀರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಲೆಕ್ಕ ಹಾಕಿದರೆ ಒಂದು ಮನೆಯ ಛಾವಣಿಯಿಂದಲೇ ಮೂರು ಲಕ್ಷ ಲೀಟರ್! ಅದರಲ್ಲಿ ಒಂದು ಪಾಲು ಸಮುದ್ರಕ್ಕೆ ಹರಿದುಹೋದರೂ ಉಳಿದದ್ದು ಸಿಹಿನೀರಿನ ಆ ಕೆನೆಯನ್ನು ದಪ್ಪವಾಗಿಸುತ್ತದೆ. ಸ್ನಾನದ ಕೋಣೆಗಳಿಂದ ಶವರ್ ತೆಗೆಸಿ ಬಕೆಟ್-ಮಗ್ ಇಡಲಾಯಿತು. ವುಝೂ ಮಾಡಿದ ನೀರು ಬಾಳೆಬುಡಕ್ಕೆ ಹೋಗುವಂತಾಯಿತು. ಏಪ್ರಿಲ್-ಮೇ ತಿಂಗಳಲ್ಲಿ ಈಗಲೂ ಅಲ್ಲಿ ಎರಡೇ ಕೋಣೆಗಳು ತೆರೆದಿರುತ್ತವೆ.

ಪ್ರವಾದಿ(ಸ) ಒಂದು ‘ಮುದ್ದ್’ ನೀರಿನಲ್ಲಿ, ಅಂದರೆ ಎರಡೂ ಅಂಗೈ ಕೂಡಿಸಿದ ಅಳತೆಯಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಉಸ್ಮಾನ್(ರ) ಮದೀನಾದಲ್ಲಿ ರೂಮಾ ಬಾವಿಯನ್ನು ತಮ್ಮ ಹಣದಿಂದ ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ನಮ್ಮ ಚರಿತ್ರೆಯಲ್ಲಿ ನೀರು ಬರೀ ನೀರಲ್ಲ, ಅದೊಂದು ಅಮಾನತ್ತು.

ಸಹೋದರಿಯರೇ, ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕಡಲತೀರಕ್ಕೆ ಹೋಗಿ, ಅಲ್ಲಾಹನ ಸೃಷ್ಟಿಯನ್ನು ಕಣ್ತುಂಬ ನೋಡಿ. ಆದರೆ ನೀವು ಇಳಿದುಕೊಂಡ ಕಡೆ ನಲ್ಲಿ ತಿರುಗಿಸುವ ಮುನ್ನ ಒಂದು ಕ್ಷಣ ಯೋಚಿಸಿ. ಆ ನೀರು ಯಾರದೋ ಅಂಗಳದ ಬಾವಿಯೊಂದಿಗೆ ಒಳಗೊಳಗೇ ಸೇರಿಕೊಂಡಿದೆ. ಅತಿಥಿಗೆ ಮೂರು ದಿನಗಳ ಸತ್ಕಾರದ ಹಕ್ಕಿದೆ, ಮನೆಯವರಿಗೆ ಕಷ್ಟವಾಗುವಷ್ಟು ಉಳಿಯಬಾರದೆಂಬ ಎಚ್ಚರಿಕೆಯೂ ಇದೆ. ಕಷ್ಟವಾಗುವಷ್ಟು ಬಳಸಬಾರದೆಂಬುದೂ ಅದರಲ್ಲೇ ಸೇರಿದೆಯೆಂದು ನನಗನ್ನಿಸುತ್ತದೆ. ಮುಸಾಫಿರರಾಗಿ ಬಂದವರು ಅಲ್ಲಿಂದ ಹೊರಡುವಾಗ ಬಾವಿಯನ್ನು ಸಿಹಿಯಾಗಿಯೇ ಬಿಟ್ಟು ಹೋಗಲಿ.