ಶ್ರೀಲಂಕೆಗೆ ಯಾವ ಮಾಸ?

ಶ್ರೀಲಂಕೆಯನ್ನು ನೋಡಲು ಪ್ರಶಸ್ತವಾದ ಕಾಲ ಯಾವುದೆಂದು ಕೇಳಿದರೆ, ಬಲ್ಲವರು ‘ದ್ವೀಪದ ಯಾವ ಮಗ್ಗುಲನ್ನು?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ಕೊಲಂಬೊ, ಗಾಲೆಗಳ ಕಡೆ ಮಳೆ ಸುರಿಸುತ್ತದೆ. ನಡುನಾಡಿನ ಬೆಟ್ಟಗಳು ಆ ಮೋಡಗಳನ್ನು ತಡೆಯುವುದರಿಂದ ಮೂಡಣ ತೀರದ ತ್ರಿಕೋಣಮಲೆಯಲ್ಲಿ ಆಗ ಚೊಕ್ಕ ಬಿಸಿಲು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೀಸುವ ಈಶಾನ್ಯ ಮಾರುತ ಈ ಲೆಕ್ಕವನ್ನೇ ತಿರುವುಮುರುವು ಮಾಡುತ್ತದೆ. ಆಗುಂಬೆಯಲ್ಲಿ ಕೊಡೆ ಮಡಿಸಲಾಗದ ದಿನಗಳಲ್ಲೇ ಚಿತ್ರದುರ್ಗದವರು ಮುಗಿಲು ನೋಡುತ್ತ ಕುಳಿತಿರುವುದನ್ನು ಬಲ್ಲ ನಮಗೆ ಇದೇನೂ ಸೋಜಿಗವಲ್ಲ.

ನಮ್ಮ ಮನೆಯ ತೊಡಕೇ ಬೇರೆ. ಮಕ್ಕಳಿಗೆ, ಜುಲೈ–ಆಗಸ್ಟ್ ತಿಂಗಳಲ್ಲಿ ಕ್ಯಾಂಡಿಯಲ್ಲಿ ಬುದ್ಧನ ದಂತಧಾತುವಿನ ಗೌರವಾರ್ಥ ಹೊರಡುವ ಎಸಳ ಪೆರಹೆರದ ಆನೆಗಳನ್ನು ಕಾಣುವಾಸೆ. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ, ಶ್ರೀಪಾದ ಶಿಖರದ ಮೇಲೆ ನಿಂತು ಸೂರ್ಯೋದಯ ನೋಡುವ ಹಂಬಲ. ಅಲ್ಲಿಯ ಯಾತ್ರಾಕಾಲ ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ. ಅನಂತರ ಮಳೆ, ಗಾಳಿ, ಮಂಜು. ಬೆಟ್ಟದ ಎತ್ತರವೋ 2,243 ಮೀಟರು, ಮೆಟ್ಟಿಲುಗಳು ಸಾವಿರಾರು, ಹತ್ತುವುದು ರಾತ್ರಿಯಲ್ಲಿ.

ಎರಡೂ ಆಸೆಗಳು ಒಂದೇ ಪ್ರಯಾಣದಲ್ಲಿ ಕೈಗೂಡುವಂತಿಲ್ಲ. ಎರಡು ಪ್ರಯಾಣಕ್ಕೆ ನಮ್ಮ ಗಂಟು ಸಾಲದು. ವಾದ ಒಂದು ವಾರ ನಡೆಯಿತು. ಕೊನೆಗೆ ತಾಯಿಯವರೇ ಮೆಲ್ಲನೆ ಕೇಳಿದರು: “ಆನೆಗಳು ಇನ್ನೊಂದು ವರ್ಷವೂ ನಡೆದಾವಪ್ಪ, ನನ್ನ ಕಾಲು ನಡೆದೀತೇ?”

ಮಕ್ಕಳು ಮರುಮಾತಾಡಲಿಲ್ಲ. ಫೆಬ್ರವರಿಯೆಂದು ಗೊತ್ತಾಯಿತು, ಪಡುವಣ ಕರಾವಳಿಯೂ ಆಗ ಹಿತವಾಗಿರುತ್ತದೆ. ಶಾಲೆಗೆ ರಜೆಯ ಅರ್ಜಿ ಸಿದ್ಧವಾಗಿದೆ. ತಾಯಿಯವರು ದಿನವೂ ಸಂಜೆ ನಮ್ಮ ಮಹಡಿಯ ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿ ಇಳಿಯುತ್ತಿದ್ದಾರೆ.