ಡೈಲಿ.6 ಒಳಗಿನ ತೊಟ್ಟಿಲುಗಳು

ಕಲಘಟಗಿಯ ಬಣ್ಣದ ತೊಟ್ಟಿಲು ಮಾರಾಟವಾಗಿ ಊರು ಬಿಟ್ಟರೆ, ಅದರ ಮೇಲಿನ ಚಿತ್ರ ನಮಗೆ ಉಳಿಯುವುದು ಫೋಟೊದಲ್ಲಷ್ಟೇ. ಅರಗಿನ ಬಣ್ಣದಲ್ಲಿ ಕೈಯಿಂದಲೇ ಬರೆದ ರಾಮಾಯಣ, ಕೃಷ್ಣಲೀಲೆ, ಒಂದರಂತೆ ಇನ್ನೊಂದಿಲ್ಲ. ನಾನು ತೆಗೆದ ಅಂಥ ಫೋಟೊಗಳ ಫೋಲ್ಡರನ್ನು ಜಾಗ ಸಾಲಲಿಲ್ಲವೆಂದು ತಮ್ಮ ಅಳಿಸಿದ್ದ. ‘ಬ್ಯಾಕಪ್ ಐತಲ್ಲ ಬಿಡು ಅಕ್ಕಾ’ ಎಂದ.

ನಿನ್ನೆಯ ಸ್ನ್ಯಾಪ್‌ಶಾಟಿನಲ್ಲಿ ಫೋಲ್ಡರೇ ಇಲ್ಲ. ಅದು ಸಾಫ್ಟ್‌ವೇರಿನ ತಪ್ಪಲ್ಲ. ಆರ್‌ಸ್ನ್ಯಾಪ್‌ಶಾಟ್ ಪ್ರತಿ ರಾತ್ರಿ ಕಂಪ್ಯೂಟರು ಹೇಗಿದೆಯೋ ಹಾಗೆಯೇ ಉಳಿಸುತ್ತದೆ. ಅಳಿಸಿದ್ದು ಅಂದಿನ ಪ್ರತಿಗೆ ಬರುವುದಿಲ್ಲ. (ಅಳಿಸಿದ್ದನ್ನೂ ಬಿಡದ ಬ್ಯಾಕಪ್ ಮಾಡಬಹುದು, ಆಗ ಕಸವೂ ಉಳಿಯುತ್ತದೆ.) ಬದಲಾಗದ ಫೈಲನ್ನು ಅದು ಮತ್ತೆ ನಕಲಿಸುವುದಿಲ್ಲ, ಡಿಸ್ಕಿನಲ್ಲಿರುವ ಅದೇ ಫೈಲಿಗೆ ಹೊಸ ಪ್ರತಿಯಲ್ಲೊಂದು ಹೆಸರು ಕೊಡುತ್ತದೆ. ಇದೇ ಹಾರ್ಡ್‌ಲಿಂಕ್. ಕೊನೆಯ ಹೆಸರು ಇರುವವರೆಗೂ ಫೈಲು ಇರುತ್ತದೆ.

ನಾನು ಇಟ್ಟಿದ್ದು 7 ದಿನದ ಪ್ರತಿ. ಹೊಸದು ಬಂದಂತೆ ಹಳೆಯದು ಹೋಗುತ್ತದೆ.

‘ಯಾವಾಗ ಅಳಿಸಿದಿ?’

‘ಅಮಾಸಿ ದಿನಾ, ಮಧ್ಯಾಹ್ನ.’

ಅವತ್ತು ಷಷ್ಠಿ. ಬೆರಳೆಣಿಸಿದೆ: ಅಮಾವಾಸ್ಯೆಯ ಹಿಂದಿನ ರಾತ್ರಿಯ ಪ್ರತಿ ಈಗ ಡೈಲಿ.6, ಸಾಲಿನ ಕಟ್ಟಕಡೆಯದು. ರಾತ್ರಿ 1 ಗಂಟೆಗೆ ಅದೂ ಹೋಗುತ್ತದೆ. ತೆರೆದೆ, ತೊಟ್ಟಿಲುಗಳೆಲ್ಲ ಇದ್ದವು. ಬೇರೆ ಡಿಸ್ಕಿಗೆ ನಕಲಿಸುವಾಗ ತಮ್ಮ ಪಕ್ಕದಲ್ಲೇ ಕೂತು ಒಂದೊಂದಾಗಿ ಎಣಿಸಿದ.

ಈಗ 4 ವಾರದ ಪ್ರತಿಗಳನ್ನೂ ಇಡುತ್ತೇನೆ. ತಿಂಗಳದ್ದಕ್ಕೆ ದೊಡ್ಡ ಡಿಸ್ಕು ಬೇಕು. ತಮ್ಮನಿಗೆ ದುಡ್ಡು ಕೇಳಿದ್ದೇನೆ.