ಐದು ತಾಲೂಕು, ಒಂದು ಪಂಕ್ತಿ

ಮಿರಜ ನಿಲ್ದಾಣವನ್ನು ಬಿಟ್ಟು ದಕ್ಷಿಣಕ್ಕೆ ಹೊರಟ ರೈಲುಗಾಡಿ ಶೇಡಬಾಳವನ್ನು ಸೇರುವ ಹೊತ್ತಿಗೆ ಮಹಾರಾಷ್ಟ್ರ ಹಿಂದೆ ಉಳಿದು ಕರ್ನಾಟಕ ಬಂದಿರುತ್ತದೆ. ಆದರೆ ಕಿಟಕಿಯ ಬಳಿ ಕುಳಿತ ಪ್ರವಾಸಿಗೆ ಗಡಿ ದಾಟಿದ್ದು ಎಲ್ಲಿ ಎಂಬುದು ತಿಳಿಯುವುದಿಲ್ಲ. ಎರಡು ಕಡೆಗೂ ಅದೇ ಕರಿಯ ಮಣ್ಣು, ಅದೇ ಕಬ್ಬಿನ ಹೊಲ. ಡಬ್ಬಿಯೊಳಗೂ ಅದೇ ಎರಡು ಭಾಷೆಗಳ ಮಾತು. ಉಗಾರ ದಾಟಿದೊಡನೆ ಕೃಷ್ಣೆಯ ಸೇತುವೆ. ಆಚೆಯ ದಂಡೆಗೆ ಕುಡಚಿ. ಮುಂದೆ ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್. ಹಳಿಯ ಪೂರ್ವಕ್ಕೆ ಅಥಣಿ, ಪಶ್ಚಿಮಕ್ಕೆ ಚಿಕ್ಕೋಡಿ. ಅದರಿಂದಾಚೆಗೆ, ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ, ತಂಬಾಕಿನ ಪೇಟೆಯಾದ ನಿಪ್ಪಾಣಿ. ಅಥಣಿಯ ಅಂಗವಾಗಿದ್ದ ಕಾಗವಾಡವೂ ಚಿಕ್ಕೋಡಿಯ ಅಂಗವಾಗಿದ್ದ ನಿಪ್ಪಾಣಿಯೂ ಇತ್ತೀಚಿನ ವರ್ಷಗಳಲ್ಲಿ ಬೇರೆ ತಾಲೂಕುಗಳಾಗಿವೆ.

ಈ ಐದು ತಾಲೂಕುಗಳ ಮನೆಗಳಿಂದ ಪ್ರತಿ ವರ್ಷವೂ ಮಳೆಗಾಲ ಹಿಡಿಯುವ ಸಮಯಕ್ಕೆ ಮಕ್ಕಳು ಟ್ರಂಕು ಹಾಸಿಗೆಗಳನ್ನು ಹೊತ್ತು ಕಾಲೇಜಿಗೆ ಹೊರಡುತ್ತಾರೆ. ಕೆಲವರ ದಾರಿ ದಕ್ಷಿಣಕ್ಕೆ, ಬೆಳಗಾವಿ ಧಾರವಾಡಗಳಿಗೆ. ಕೆಲವರ ದಾರಿ ಉತ್ತರಕ್ಕೆ, ಕೊಲ್ಲಾಪುರಕ್ಕೆ. ನಿಪ್ಪಾಣಿಯ ಹುಡುಗನಂತೂ ಊರ ಮಗ್ಗುಲಲ್ಲೇ ಇರುವ ಅರ್ಜುನನಗರದ ದೇವಚಂದ ಕಾಲೇಜಿಗೆ ಹೋದರೆ ರಾಜ್ಯವನ್ನೇ ದಾಟಿದಂತೆ. ಆ ಕಾಲೇಜು ಮಹಾರಾಷ್ಟ್ರದ ಕಾಗಲ ತಾಲೂಕಿನಲ್ಲಿದ್ದು, 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಎಲ್ಲಿಗೆ ಹೋದರೂ ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿ ಶೇಡಬಾಳದ ಜೈನ, ಅಥಣಿಯ ಲಿಂಗಾಯತ, ನಿಪ್ಪಾಣಿಯ ಮರಾಠಾ, ಕುಡಚಿಯ ಮುಸಲ್ಮಾನ, ಊರ ಹೊರಗಿನ ಕೇರಿಯಿಂದ ಬಂದ ದಲಿತ ಇವರೆಲ್ಲರೂ ಕೂಡುವ ಸಂಭವವುಂಟು. ಮೊದಲ ತಿಂಗಳು ಹೇಗೋ ಕಳೆಯುತ್ತದೆ. ಶ್ರಾವಣ ಮುಗಿದು ಭಾದ್ರಪದ ಬಂತೆಂದರೆ ಪ್ರಶ್ನೆ ಏಳುತ್ತದೆ: ಈ ಮನೆಯಲ್ಲಿ ಆಚರಿಸುವ ಹಬ್ಬ ಯಾರದು?

ಈ ಪ್ರಶ್ನೆಗೆ ಈ ಸೀಮೆ ತನ್ನ ಜಾತ್ರೆಗಳಲ್ಲಿ ಎಂದೋ ಉತ್ತರ ಹೇಳಿಕೊಂಡಿದೆ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಮಾಘ ಮಾಸದ ಭಾರತ ಹುಣ್ಣಿಮೆಗೆ ಮಾಯಕ್ಕದೇವಿಯ ಜಾತ್ರೆ ನೆರೆಯುತ್ತದೆ. ಮಹಾರಾಷ್ಟ್ರದ ಹಳ್ಳಿಗಳಿಂದ ಚಕ್ಕಡಿಗಳ ಸಾಲು ಬರುತ್ತದೆ. ಭಂಡಾರದ ಅರಿಶಿನದಲ್ಲಿ ಬೀದಿ ಹಳದಿಯಾಗುತ್ತದೆ. ‘ಚಾಂಗಭಲೋ’ ಎಂಬ ಕೂಗು ಏಳುವಾಗ ಅದು ಮರಾಠಿಯೋ ಕನ್ನಡವೋ ಎಂದು ಯಾರೂ ಕೇಳುವುದಿಲ್ಲ. ಕಾಗವಾಡದ ಬದಿಯ ಮಂಗಸೂಳಿಯಲ್ಲಿ ಕನ್ನಡಿಗರು ಮಲ್ಲಯ್ಯನೆನ್ನುವ ದೇವರನ್ನೇ ಮರಾಠಿಗರು ಖಂಡೋಬನೆಂದು ಪೂಜಿಸುತ್ತಾರೆ. ಆ ದೇವರ ಹೆಸರಿನಲ್ಲಿ ದೂರದ ಜೆಜೂರಿಯವರೆಗೂ ಕೇಳಿಬರುವ ‘ಯೇಳಕೋಟ’ ಎಂಬ ಘೋಷದಲ್ಲಿ ಕನ್ನಡದ ಏಳು ಕೋಟಿ ಅಡಗಿದೆಯೆಂದು ಕನ್ನಡಿಗರು ಅಭಿಮಾನಪಡುತ್ತಾರೆ. ಕುಡಚಿಯ ಮಾಸಾಹೇಬಾ ದರ್ಗಾದ ಉರುಸಿಗೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ನಿಪ್ಪಾಣಿಯ ದಸ್ತಗೀರ ದರ್ಗಾವನ್ನು ಸ್ಥಾಪಿಸಿದವರಾದರೋ ಬಾಬಾಮಹಾರಾಜ ಚವ್ಹಾಣರೆಂಬ ಸಂತರು. ಮೊಹರಮ್ಮಿನಲ್ಲಿ ಪಂಜಾದ ಮುಂದೆ ಹೆಜ್ಜೆಯಿಡುವವರಲ್ಲಿಯೂ, ಮನೆಯಲ್ಲಿ ಚೊಂಗೆ ಮಾಡಿ ನೈವೇದ್ಯಕ್ಕೆ ಒಯ್ಯುವವರಲ್ಲಿಯೂ ಎಲ್ಲ ಜಾತಿಯವರುಂಟು.

ಚಿಕ್ಕೋಡಿ ಸೀಮೆಯಿಂದ ಗಡಿಯ ಆಚೆಗಿರುವ ಕುರುಂದವಾಡದ ಮಾತು ಇನ್ನೂ ವಿಶೇಷವಾದುದು. ಕೃಷ್ಣಾ ಪಂಚಗಂಗೆಯರ ಸಂಗಮದ ಬಳಿಯ ಈ ಪುಟ್ಟ ಪಟ್ಟಣದ ಐದು ಮಸೀದಿಗಳಲ್ಲಿ, 1982ರ ಸುಮಾರಿನಿಂದ, ಚೌತಿಯ ಗಣಪತಿಯನ್ನು ಕೂಡಿಸುವ ಪದ್ಧತಿ ನಡೆದುಬಂದಿದೆ. ಹಿಜರಿ ವರ್ಷ ಸೌರ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು. ಆದುದರಿಂದ ಮೊಹರಮ್ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತ ಸುಮಾರು ಮೂವತ್ತಮೂರು ವರ್ಷಗಳಿಗೊಮ್ಮೆ ಗಣೇಶನ ಹಬ್ಬದ ದಿನಗಳನ್ನು ಬಂದು ಸಂಧಿಸುತ್ತದೆ. 2018ರಿಂದ 2020ರವರೆಗೆ ಹೀಗೆ ಎರಡೂ ಕೂಡಿಬಂದಾಗ ಕುರುಂದವಾಡದಲ್ಲಿ ಗಣಪತಿಯೂ ಪಂಜಾಗಳೂ ಒಂದೇ ಸೂರಿನಡಿ ಇದ್ದವು. ಮಸೀದಿಯವರು ಸ್ಥಳ ಕೊಟ್ಟರು, ಹಿಂದೂಗಳು ಸ್ಥಳದ ಮರ್ಯಾದೆ ಕಾಯ್ದರು. ಇಬ್ಬರಲ್ಲಿ ಯಾರೂ ತಮ್ಮ ದೇವರನ್ನು ಬಿಟ್ಟುಕೊಡಬೇಕಾಗಲಿಲ್ಲ.

ಜಾತ್ರೆಯ ಬಯಲಿನಲ್ಲಿ ಸುಲಭವಾದ ಈ ಸಂಗತಿ ವಿದ್ಯಾರ್ಥಿನಿಲಯದ ಗೋಡೆಗಳೊಳಗೆ ಅಷ್ಟು ಸುಲಭವಾಗಲಿಲ್ಲ. ಜಾತ್ರೆಯಲ್ಲಿ ಒಟ್ಟಾಗಿ ಕೂಗಿದವರು ಊಟದ ಹೊತ್ತಿಗೆ ತಮ್ಮ ತಮ್ಮ ಚಕ್ಕಡಿಯ ನೆರಳಿಗೆ ಹೋಗಿ ತಮ್ಮ ತಮ್ಮ ಬುತ್ತಿ ಬಿಚ್ಚಬಹುದು. ನಿಲಯದಲ್ಲಿ ಒಲೆ ಒಂದೇ, ಪಂಕ್ತಿ ಒಂದೇ. ಕೊಲ್ಲಾಪುರದ ಶಾಹು ಮಹಾರಾಜರಿಗೆ ಈ ಕಷ್ಟ ತಿಳಿದಿತ್ತು. ರಾಯಬಾಗ ಆಗ ಅವರ ಸಂಸ್ಥಾನಕ್ಕೆ ಸೇರಿದ್ದಿತು. ಹಳ್ಳಿಯ ಮಕ್ಕಳು ಓದಬೇಕಾದರೆ ಮೊದಲು ಅವರಿಗೆ ಅನ್ನ ವಸತಿಗಳು ಬೇಕೆಂದರಿತ ಮಹಾರಾಜರು 1901ರಲ್ಲಿ ಮರಾಠರಿಗೂ ಜೈನರಿಗೂ, 1906ರಲ್ಲಿ ಮುಸಲ್ಮಾನರಿಗೂ ಬೋರ್ಡಿಂಗುಗಳು ಏಳುವಂತೆ ಮಾಡಿದರು. ಲಿಂಗಾಯತರಿಗೂ ಇತರರಿಗೂ ಬೇರೆ ನಿಲಯಗಳಾದವು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗು ತೆರೆಯಿತು. ಒಂದೊಂದು ಜಾತಿಗೆ ಒಂದೊಂದು ಮನೆ. ಆ ಕಾಲಕ್ಕೆ ಅದಲ್ಲದೆ ಬೇರೆ ದಾರಿಯಿರಲಿಲ್ಲ. ಆ ಮನೆಗಳಿಲ್ಲದಿದ್ದರೆ ಎಷ್ಟೋ ಮಕ್ಕಳು ಶಾಲೆಯ ಮುಖವನ್ನೇ ಕಾಣುತ್ತಿರಲಿಲ್ಲ.

ಆದರೆ ಗೋಡೆಯಿದ್ದಲ್ಲಿ ಅದನ್ನು ದಾಟುವ ಹುಡುಗನೂ ಹುಟ್ಟುತ್ತಾನೆ. ಕುಂಭೋಜದಲ್ಲಿ 1887ರಲ್ಲಿ ಜನಿಸಿದ ಭಾವೂರಾವ್ ಪಾಟೀಲರು ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದರು. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿಬಂದ ಅವರನ್ನು, ಸ್ನಾನ ಮಾಡಿ ಶುದ್ಧರಾದ ಹೊರತು ಊಟದ ಮನೆಗೆ ಬರಕೂಡದೆಂದು ತಡೆಯಲಾಯಿತು. ಅವರು ಸ್ನಾನಕ್ಕೆ ಒಪ್ಪಲಿಲ್ಲ; ನಿಲಯವನ್ನೇ ಬಿಡಬೇಕಾಯಿತು. ಇದೇ ಭಾವೂರಾವ್ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಕೂಡಿ ಅಟ್ಟು ಕೂಡಿ ಉಣ್ಣುವ ನಿಲಯವೊಂದನ್ನು ತೆರೆದರು. 1927ರಲ್ಲಿ ಗಾಂಧೀಜಿಯವರ ಸಮಕ್ಷಮದಲ್ಲಿ ಅದಕ್ಕೆ ಶಾಹು ಮಹಾರಾಜರ ಹೆಸರನ್ನಿಟ್ಟರು. ಹುಡುಗನನ್ನು ಹೊರಗೆ ನಿಲ್ಲಿಸಿದ ಊಟದ ಮನೆಗೆ, ಅವನು ದೊಡ್ಡವನಾಗಿ ಕೊಟ್ಟ ಉತ್ತರ ಇನ್ನೊಂದು ಊಟದ ಮನೆ.

ನಿಪ್ಪಾಣಿಯೂ ಈ ಚರಿತ್ರೆಯ ಹೊರಗಿಲ್ಲ. 1925ರಲ್ಲಿ ಮುಂಬಯಿ ಪ್ರಾಂತದ ದಲಿತ ವರ್ಗಗಳ ಪರಿಷತ್ತು ಈ ಊರಿನಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಸೇರಿತ್ತು. ನಾಲ್ಕು ವರ್ಷಗಳ ತರುವಾಯ, 1929ರಲ್ಲಿ, ಧಾರವಾಡದಲ್ಲಿ ಅವರು ದಲಿತ ವಿದ್ಯಾರ್ಥಿಗಳಿಗಾಗಿ ನಿಲಯವೊಂದನ್ನು ಆರಂಭಿಸಿದರು. ಹುಡುಗನಿಗೆ ಪುಸ್ತಕ ಕೊಟ್ಟು ಕೋಣೆ ಕೊಡದಿದ್ದರೆ ವಿದ್ಯೆ ಅರ್ಧಕ್ಕೇ ನಿಲ್ಲುವುದೆಂಬ ಅರಿವು ಅಲ್ಲಿಯೂ ಕೆಲಸ ಮಾಡಿತ್ತು.

ಇಂದು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳವರಿಗೆ, ಹಿಂದುಳಿದ ವರ್ಗದವರಿಗೆ, ಅಲ್ಪಸಂಖ್ಯಾತರಿಗೆ ಸರಕಾರದ ಬೇರೆ ಬೇರೆ ಇಲಾಖೆಗಳು ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಕಾಲೇಜುಗಳ, ವಿಶ್ವವಿದ್ಯಾಲಯಗಳ ಸ್ವಂತ ನಿಲಯಗಳಲ್ಲಿ ಎಲ್ಲರೂ ಬೆರೆತಿರುತ್ತಾರೆ. ಅಂಥಲ್ಲಿ ‘ಎಲ್ಲರ ಹಬ್ಬ’ವೊಂದನ್ನು ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ವೇದಿಕೆಯನ್ನೇ ನೆನೆಯುತ್ತಾರೆ. ಲಾವಣಿ ಒಂದು, ಡೊಳ್ಳು ಒಂದು, ಕವ್ವಾಲಿ ಒಂದು, ವಚನ ಒಂದು. ಬಣ್ಣದ ಉಡುಪು, ಚಪ್ಪಾಳೆ, ಬಹುಮಾನ. ಅದೂ ಬೇಕು. ಆದರೆ ಹಬ್ಬದ ಗೆಲವು ಸೋಲುಗಳು ನಿರ್ಧಾರವಾಗುವುದು ಎರಡು ವಾರ ಮೊದಲು, ಪಂಚಾಂಗವನ್ನೂ ಅಡುಗೆಯವನನ್ನೂ ಕೇಳುವಾಗ.

ಪಂಚಾಂಗದ ಮಾತು ಹೀಗಿದೆ. ಭಾದ್ರಪದ ಶುದ್ಧ ಚೌತಿಗೆ ಗಣಪತಿ ಬಂದರೆ, ಮರುದಿನ ಪಂಚಮಿಯಿಂದ ಚತುರ್ದಶಿಯವರೆಗೆ ದಿಗಂಬರ ಜೈನರ ದಶಲಕ್ಷಣ ಪರ್ವ. ಒಬ್ಬನಿಗೆ ಮೋದಕದ ಹತ್ತು ದಿನ, ಅವನ ಕೋಣೆಯ ಗೆಳೆಯನಿಗೆ ಉಪವಾಸ ಸಂಯಮಗಳ ಹತ್ತು ದಿನ. ಶೇಡಬಾಳ, ಸದಲಗಾಗಳಂಥ ಊರುಗಳಿಂದ ಬಂದ ವಿದ್ಯಾರ್ಥಿ ಸೂರ್ಯಾಸ್ತಕ್ಕೆ ಮುಂಚೆ ಉಣ್ಣಬೇಕು. ಗಡ್ಡೆಗೆಣಸು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಅವನಿಗೆ ವರ್ಜ್ಯ. ರಮಜಾನ್ ಬಂದಾಗ ಇನ್ನೊಬ್ಬ ಗೆಳೆಯ ಉಣ್ಣುವುದೇ ಸೂರ್ಯಾಸ್ತದ ಬಳಿಕ. ಒಂದೇ ಸೂರ್ಯ ಒಬ್ಬನ ತಟ್ಟೆಯನ್ನು ಮುಚ್ಚಿಸುತ್ತಾನೆ, ಇನ್ನೊಬ್ಬನದನ್ನು ತೆರೆಸುತ್ತಾನೆ. ‘ರಾತ್ರಿ ಎಂಟಕ್ಕೆ ಎಲ್ಲರಿಗೂ ಭೋಜನ’ ಎಂದು ಫಲಕದ ಮೇಲೆ ಬರೆದವನು, ತಿಳಿಯದೆಯೇ ಜೈನ ಹುಡುಗನನ್ನು ‘ಎಲ್ಲರಿಂದ’ ಹೊರಗಿಟ್ಟಂತಾಗುತ್ತದೆ. ಸಂಜೆ ಐದೂವರೆಗೇ ಮೊದಲ ಪಂಕ್ತಿ ಹಾಕಿದರೆ, ಉಳ್ಳಾಗಡ್ಡಿಯಿಲ್ಲದ ಪಲ್ಯದ ಪಾತ್ರೆಯೊಂದನ್ನು ಬೇರೆಯಿಟ್ಟರೆ, ಖರ್ಚು ಹೆಚ್ಚುವುದಿಲ್ಲ; ಒಬ್ಬ ಹುಡುಗ ತನ್ನ ವ್ರತವನ್ನು ಕುರಿತು ನಾಚಿಕೊಳ್ಳಬೇಕಾಗುವುದಿಲ್ಲ.

ಮೆರವಣಿಗೆಗಳಿಗೂ ಇದೇ ಮಾತು. 2023ರಲ್ಲಿ ಅನಂತ ಚತುರ್ದಶಿಯೂ ಈದ್ ಮಿಲಾದೂ ಸೆಪ್ಟೆಂಬರ್ 28ರಂದೇ ಬಂದಾಗ, ಮುಂಬಯಿಯಲ್ಲಿಯೂ ಬೆಳಗಾವಿಯಲ್ಲಿಯೂ ಮುಸ್ಲಿಂ ಮುಖಂಡರು ಮಿಲಾದ್ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಹಿರಿಯರು ಊರಿನ ಮಟ್ಟಕ್ಕೆ ಮಾಡಿದ್ದನ್ನು ನಿಲಯದ ವಿದ್ಯಾರ್ಥಿಗಳು ಒಂದು ಸಭಾಂಗಣದ ಮಟ್ಟಕ್ಕೆ ಮಾಡಬಲ್ಲರು. ಅದಕ್ಕೆ ಬೇಕಾದದ್ದು ಕೆಲವು ಸಣ್ಣ ಏರ್ಪಾಡುಗಳು. ಕೆಲಸದ ತಂಡಗಳನ್ನು ಜಾತಿ ಭಾಷೆ ನೋಡದೆ ಕೋಣೆಯ ನಂಬರಿನಂತೆ ಮಾಡುವುದು. ಪಟ್ಟಿ ಎತ್ತುವಾಗ ಎಲ್ಲರಿಂದಲೂ ಒಂದೇ ಮೊತ್ತ ಪಡೆದು, ಕೊಡಲಾರದವನ ಹೆಸರನ್ನು ಹೊರಗೆಡಹದಿರುವುದು. ಆಮಂತ್ರಣದಲ್ಲಿ ಕನ್ನಡದ ಕೆಳಗೆ ಮರಾಠಿ ಉರ್ದುಗಳಿಗೂ ಎರಡೆರಡು ಸಾಲು ಬಿಡುವುದು. ಬಡಿಸುವವರು ಪ್ರತಿ ಪಂಕ್ತಿಗೂ ಬದಲಾಗುವುದು. ಯಾವ ಒಂದು ಸಮುದಾಯದವರೂ ಸದಾ ಬಡಿಸುವವರಾಗಿಯೋ ಸದಾ ಎಂಜಲು ತೆಗೆಯುವವರಾಗಿಯೋ ಉಳಿಯದಿರುವುದು. ಈ ಕೊನೆಯದು ಎಲ್ಲಕ್ಕಿಂತ ಮುಖ್ಯ. ಭಾವೂರಾವ್ ಪಾಟೀಲರ ಕಾಲದಿಂದ ಇಂದಿನವರೆಗೂ ಅವಮಾನವೆಂಬುದು ಪಂಕ್ತಿಯ ಕೊನೆಯಲ್ಲಿ ಕೂತವನಿಗೆ ಮೊದಲು ಕಾಣಿಸುತ್ತದೆ. ವೇದಿಕೆಯ ಮೇಲಿನವರಿಗೆ ಅದು ಕಾಣುವುದೇ ಇಲ್ಲ.

ಲೆಕ್ಕ ಹಾಕಿದರೆ ಮೊಹರಮ್ಮೂ ಗಣೇಶನ ಹಬ್ಬವೂ ಮತ್ತೆ ಕೂಡಿಬರುವುದು 2051ರ ಸುಮಾರಿಗೆ. 2019ರಲ್ಲಿ ಅವೆರಡನ್ನೂ ಒಟ್ಟಿಗೆ ಕಂಡ ಇಪ್ಪತ್ತರ ಹರೆಯದ ವಿದ್ಯಾರ್ಥಿಗೆ ಆಗ ಐವತ್ತು ದಾಟಿರುತ್ತದೆ. ಅವನು ಚಿಕ್ಕೋಡಿಯಲ್ಲಿ ಮಾಸ್ತರನೋ, ನಿಪ್ಪಾಣಿಯಲ್ಲಿ ವ್ಯಾಪಾರಿಯೋ, ಅಥಣಿಯ ಪುರಸಭೆಯ ಸದಸ್ಯನೋ ಆಗಿರಬಹುದು; ಊರಿನವರು ಎರಡು ಮೆರವಣಿಗೆಗಳ ದಾರಿ ಹೊತ್ತುಗಳನ್ನು ಗೊತ್ತುಮಾಡಲು ಕರೆಯುವುದು ಅವನನ್ನೇ. ಅಂದು ಅವನ ನೆರವಿಗೆ ಬರುವುದು ನಿಲಯದ ಅಡುಗೆಮನೆಯಲ್ಲಿ, ಗೆಳೆಯನ ಪಲ್ಯದ ಪಾತ್ರೆಯನ್ನು ಬೇರೆಯಿಟ್ಟು ಕಲಿತ ಪಾಠ.